ಬೆಳಗಿನ ಪಾಳಿ

"ಆ ಚಮಚ ಕೆಳಗಿಡಿ!"

ಬಾಗಿಲಲ್ಲಿ ನಿಂತವನ ಮಾತಿಗೆ ಅವಳು ಬೆಚ್ಚಿಬಿದ್ದಳು. ಪಾರ್ಶ್ವವಾಯುವಾಗಿ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಅವಳು ಊಟ ಮಾಡಿಸುತ್ತಿದ್ದಳು.

"ನಾನು ಫಿಸಿಯೋ, ವ್ಯಾಯಾಮ ಮಾಡಿಸೋಕೆ ಬಂದಿದ್ದೀನಿ. ಚಮಚ ಅವರ ಕೈಗೇ ಕೊಡಿ."

"ಮೈಮೇಲೆಲ್ಲ ಚೆಲ್ಕೋತಾರೆ!"

ಅವನು ಹೊಲಿಗೆ ಯಂತ್ರದ ಸುತ್ತ ಬಿದ್ದಿದ್ದ ಬಟ್ಟೆ ತುಂಡುಗಳನ್ನು ನೋಡಿದ. "ಚೆಲ್ಲಲಿ ಬಿಡಿ. ಟೈಲರಮ್ಮನ ಮನೇಲಿ ಒರೆಸೋ ಬಟ್ಟೆಗೆ ಬರವಾ?"

ಅಪ್ಪ ನಕ್ಕುಬಿಟ್ಟರು! ಸೊಟ್ಟಗಾದ ಬಾಯಲ್ಲೇ, ಮೂರು ತಿಂಗಳಲ್ಲಿ ಮೊದಲ ಸಲ.

ಅವಳಿಗೆ ಮೈಯೆಲ್ಲ ಉರಿಯಿತು. ಹಗಲೂ ರಾತ್ರಿ ಒದ್ದಾಡಿದ್ದು ನಾನು... ನಗಿಸಿದ್ದು ಇವನಾ?

ಆದರೆ ಅಪ್ಪ ಚಮಚ ಹಿಡಿದರು. ಕೆಲವು ವಾರಗಳಲ್ಲಿ ಗೋಡೆ ಹಿಡಿದು ನಡೆದರು. ಅಷ್ಟರಲ್ಲಿ ದಿನಾ ಹತ್ತು ಗಂಟೆಗೆ ಅವನು ಒತ್ತುವ ಕರೆಗಂಟೆಗೆ ಕಾಯುವುದು ಅವಳ ಕಿವಿಗೆ ರೂಢಿಯಾಗಿತ್ತು...

ಒಂದು ದಿನ ಅವನು ಮೆಲ್ಲಗೆ ಕೇಳಿದ, "ಮದುವೆ ಬಗ್ಗೆ ಏನಾದ್ರೂ ಯೋಚನೆ?"

"ಅಪ್ಪನ್ನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ!"

ಮರುದಿನ ವ್ಯಾಯಾಮ ಮಾಡಿಸಲು ಬೇರೊಬ್ಬಾಕೆ ಬಂದಳು. "ಅವರು ಈ ಮನೆ ಕೆಲಸ ನನಗೆ ವಹಿಸಿದ್ದಾರೆ," ಎಂದಳು.

ಇವನೂ ಅಷ್ಟೇ... ಹೊರೆ ನೋಡಿ ಹೆದರಿದ!

ಆ ವಾರ ಅವಳು ಒಂದೇ ರವಿಕೆಯ ತೋಳನ್ನು ಮೂರು ಸಲ ಬಿಚ್ಚಿ ಹೊಲಿದಳು.

ಎಂಟನೆಯ ದಿನ ಅವನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಬರಿಗೈ.

"ಏನು ಮರೆತು ಹೋಗಿದ್ರಿ?" ಅವಳು ಚುಚ್ಚಿದಳು.

"ಕೆಲಸಕ್ಕೆ ಅಂತ ಬಂದ ಮನೇಲಿ ಮಗಳನ್ನ ಕೇಳೋದು ಸರಿಯಲ್ಲ ಅನ್ನಿಸ್ತು. ಬೇಡ ಅಂದ್ರೂ ನೀವು ದಿನಾ ನನ್ನ ಮುಖ ನೋಡಬೇಕಾಗ್ತಿತ್ತಲ್ಲ... ಅದಕ್ಕೇ ಕೆಲಸ ಬಿಟ್ಟುಕೊಟ್ಟೆ."

"ಒಂದು ಮಾತು ಹೇಳೋಕಾಗಲಿಲ್ವಾ?"

"ವಾರ ಬಿಟ್ಟು ಬಂದು ಕೇಳ್ತೀನಿ ಅಂತ ಹೇಳಿದ್ದೆ... ನಿಮ್ಮಪ್ಪನ ಹತ್ರ!"

"ಅಪ್ಪಾ!"

"ಬಾಯಿ ಸೊಟ್ಟಗಿರೋದು... ನಂದು," ಅಪ್ಪ ತೊದಲಿದರು. "ಅವನದು... ನೆಟ್ಟಗಿದೆಯಲ್ಲ. ಅವನೇ ಹೇಳ್ಲಿ ಅಂತ... ಸುಮ್ಮನಿದ್ದೆ."

ಅವಳು ಅಳುತ್ತಲೇ ನಕ್ಕಳು. ಆದರೂ ಧ್ವನಿ ಗಟ್ಟಿ ಮಾಡಿಕೊಂಡಳು. "ಅಪ್ಪ ನನ್ನ ಜೊತೇಲೇ ಇರ್ತಾರೆ."

"ಅದಕ್ಕೇ ನಾನೇ ಇಲ್ಲಿಗೆ ಬರ್ತೀನಿ. ಬೆಳಗಿನ ಪಾಳಿ ನಂದು. ಏಳಿಸೋದು, ಸ್ನಾನ, ತಿಂಡಿ... ಎಲ್ಲ ನಾನು ನೋಡ್ಕೋತೀನಿ. ನೀನು ಮಲಗಿರು."

ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಅವಳ ಭುಜಗಳು ತಾವಾಗಿಯೇ ಸಡಿಲವಾದವು.

"ಎಷ್ಟು ಗಂಟೆವರೆಗೆ ಮಲಗಬಹುದು?"

"ಎಚ್ಚರ ಆಗೋವರೆಗೆ."