ಕೃಪೆ: ಹೊಳೆದಂಡೆ, ಕಂಪ್ಲಿ

"ಇದನ್ನ ಯಾರನ್ನ ಕೇಳಿ ಹಾಕಿದ್ರಿ?"

ಎಣ್ಣೆ ಮೆತ್ತಿದ ಹಾಳೆಯೊಂದು ಮೇಜಿನ ಮೇಲೆ ಪಟ್ಟಂತ ಬಿತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಓಬಳೇಶ ತಲೆಯೆತ್ತಿದ. ಬಿಳಿ ಸೀರೆ, ಹೆಗಲಿಗೆ ಸರಕಾರಿ ಚೀಲ, ಕಣ್ಣಲ್ಲಿ ಮಾತ್ರ ಕೆಂಡ!

"ಕುಂದ್ರಿ ಮೇಡಂ... ಏನಾತು?"

"ಕುಂದ್ರಾಕ ಬಂದಿಲ್ಲ! ಬಸ್ ಸ್ಟ್ಯಾಂಡಿನ್ಯಾಗ ಮಿರ್ಚಿ ಕಟ್ಟಿಸಿಕೊಂಡೆ. ಬಿಚ್ಚಿದ್ರ ಹಾಳಿಮ್ಯಾಲೆ ನಾ ಬರೆದದ್ದು! ಕಂಪ್ಲಿ ‘ಹೊಳೆದಂಡೆ’ಗೆ ಕೊಟ್ಟಿದ್ದು ಹೊಸಪೇಟಿ ಪೇಪರಿಗೆ ಹೆಂಗ ಬಂತು?"

"ಕೆಳಗ ನೋಡ್ರಿ. ‘ಕೃಪೆ: ಹೊಳೆದಂಡೆ, ಕಂಪ್ಲಿ’ ಅಂತ ಹಾಕೀನಿ. ಬ್ಯಾರೆ ಪತ್ರಿಕೆಯಿಂದ ತಗೊಂಡ್ರ ಹಂಗ ಹಾಕೋದು ಪದ್ಧತಿ."

"ಪತ್ರಿಕೆಗೆ ಕೃಪೆ. ಬರೆದಾಕಿ ಹೆಸರು?"

ಓಬಳೇಶ ಹಾಳೆ ಎತ್ತಿ ಕೆಳಗಿನ ಸಾಲನ್ನು ಮತ್ತೆ ಓದಿದ. ಅವಳ ದನಿ ನಡುಗಿತು. ಅಳಬಾರದು ಅಂತ ದಾರಿಯಲ್ಲೇ ನಿರ್ಧಾರ ಮಾಡಿಕೊಂಡು ಬಂದಿದ್ದಳು ಪಾಪ...

"ತಪ್ಪಾತ್ರಿ," ಅಂದ ಅವನು. "ಹೆಸರು ಹೇಳ್ರಿ. ಮುಂದಿನ ಸಲದಿಂದ ತಪ್ಪದಂಗ ಹಾಕ್ತೀನಿ. ಕೇಳೇ ಹಾಕ್ತೀನಿ."

"ವಿರುಪಮ್ಮ."

ಇದು ಎಂಬತ್ತೆರಡನೇ ಇಸವಿಯ ಮಾತು. ‘ಕಾಲುವೆ ವಾರ್ತೆ’ಗೆ ಸಂಪಾದಕ, ಮೊಳೆ ಜೋಡಿಸುವವ, ಕಸ ಗುಡಿಸುವವ ಎಲ್ಲಾ ಓಬಳೇಶನೇ. ಸುತ್ತಲಿನ ಊರುಗಳ ಸಣ್ಣ ಪತ್ರಿಕೆ ತರಿಸಿ, ಚೆನ್ನಾಗಿದ್ದದ್ದನ್ನ ಆರಿಸಿ ಮತ್ತೆ ಅಚ್ಚು ಹಾಕುತ್ತಿದ್ದ. ಅರ್ಧ ಪತ್ರಿಕೆ ತುಂಬುತ್ತಿದ್ದದ್ದೇ ಹಾಗೆ, ಸುಳ್ಳು ಯಾಕೆ ಹೇಳಲಿ!

ಇನ್ನು ವಿರುಪಮ್ಮ... ಕಂಪ್ಲಿಯ ಹುಡುಗಿ, ವಡ್ಡು ಅನ್ನೋ ಹಳ್ಳಿಯಲ್ಲಿ ಸರಕಾರಿ ನರ್ಸು. ಅಪ್ಪ ಅವ್ವ ಇಬ್ಬರೂ ಇಲ್ಲ. ಏಳು ವರ್ಷದಿಂದ ಊರಿಗೆಲ್ಲ ಅವಳು ಬರೀ ‘ನರ್ಸಮ್ಮ’. ಹೆರಿಗೆಗೆ ನರ್ಸಮ್ಮ, ಜ್ವರಕ್ಕೆ ನರ್ಸಮ್ಮ, ಕೆಲಸ ಮುಗಿದರೆ ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹೆಸರು ಹಿಡಿದು ಕರೆಯುವ ಒಂದು ಜೀವವೂ ಇಲ್ಲ ಅಂದರೆ ಎಷ್ಟು ಸಂಕಟ ಗೊತ್ತಾ? ಅದಕ್ಕೇ ಬರೆಯುತ್ತಿದ್ದಳು. ಹೆಸರು ಅಚ್ಚಾದ ದಿನ, ಯಾರೋ ಬಾಗಿಲಲ್ಲಿ ನಿಂತು ಕರೆದ ಹಾಗಾಗುತ್ತಿತ್ತು.

ಓಬಳೇಶ ಮಾತಿಗೆ ತಪ್ಪಲಿಲ್ಲ. ಹದಿನೈದು ದಿನಕ್ಕೊಂದು ಕಾರ್ಡು ಬರತೊಡಗಿತು. "ತಮ್ಮ ಬರಹ ಮರುಮುದ್ರಣಕ್ಕೆ ಅಪ್ಪಣೆ ಕೋರುತ್ತೇನೆ."

ಅವಳ ಉತ್ತರ ಒಂದೇ ಪದ. "ಹಾಕಿಕೊಳ್ಳಿ."

ಬರಹದ ಕೆಳಗೆ ಒಂದೇ ಸಾಲಿನಲ್ಲಿ, ಕೃಪೆ: ಹೊಳೆದಂಡೆ, ಕಂಪ್ಲಿ. ಬರೆದವರು: ವಿರುಪಮ್ಮ.

ಆಮೇಲೆ ಅವನ ಕಾರ್ಡಿನ ಮೂಲೆಯಲ್ಲಿ ಇನ್ನೊಂದು ಸಾಲು ಸೇರಿತು. "ಅಲ್ಲಿ ಮಳೆ ಆಯಿತೇ?" ಇನ್ನೊಂದು ಸಲ, ಅವಳ ಬರಹದಲ್ಲಿ ಬಂದ ಕೆಮ್ಮಿನ ಸಂಗತಿ ನೆನೆದು, "ನಿಮ್ಮ ಕೆಮ್ಮು ಹೇಗಿದೆ?"

‘ನನ್ನ ಕೆಮ್ಮನ್ನೂ ಒಬ್ಬರು ಕೇಳ್ತಾರಾ!’ ಆ ಕಾರ್ಡನ್ನು ಅವಳು ಎಷ್ಟು ಸಲ ಓದಿದಳೋ, ಅವಳಿಗೇ ಗೊತ್ತಿಲ್ಲ.

ಒಂದು ವರ್ಷ ಹೀಗೇ ನಡೆಯಿತು. ಆಗ ಬರೆದಳು, ‘ಎರಡು ರೊಟ್ಟಿ ಹೆಚ್ಚು’. ಒಬ್ಬಳಿಗೇ ಅಂತ ಬಡಿಯಲು ಕೂತರೂ ದಿನಾ ಎರಡು ರೊಟ್ಟಿ ಹೆಚ್ಚಾಗುತ್ತವೆ, ಕೈ ಯಾರದೋ ದಾರಿ ಕಾಯುತ್ತಿದೆ ಅಂತ. ಯಾರದು ಅಂತ ಬರೆಯಲಿಲ್ಲ. ಆದರೆ ಅವನಿಗೆ ತಿಳಿಯಲಿ ಅಂತಲೇ ಬರೆದಿದ್ದಳು.

ಅಪ್ಪಣೆ ಕೇಳಿದ, ಕೊಟ್ಟಳು. ಪತ್ರಿಕೆ ಬಂತು. ನಿಂತಲ್ಲೇ ಬಿಚ್ಚಿದಳು...

ಕೊನೆಯ ಸಾಲೇ ಇಲ್ಲ! ಕೃಪೆ ಇಲ್ಲ. ವಿರುಪಮ್ಮ ಇಲ್ಲ. ಒಂದು ಸಾಲಿನಷ್ಟು ಜಾಗ ಖಾಲಿ ಬಿದ್ದಿತ್ತು.

‘ಅವರಿಗೆ ತಿಳಿದಿದೆ. ತಿಳಿದೇ ನಾಚಿಕೆಪಟ್ಟು ನನ್ನ ಹೆಸರು ಕಿತ್ತು ಬಿಸಾಕಿದ್ದಾರೆ!’

ಅಯ್ಯೋ, ಅವತ್ತು ಅವಳು ಅತ್ತದ್ದು ನೋಡಬೇಕಿತ್ತು. ಆಮೇಲೆ ಬಂದ ಮೂರು ಕಾರ್ಡಿಗೂ ಉತ್ತರವಿಲ್ಲ. ‘ಹೊಳೆದಂಡೆ’ಗೂ ಬರೆಯುವುದು ಬಿಟ್ಟಳು. ಮತ್ತೆ ಬರೀ ನರ್ಸಮ್ಮ ಆಗಿಬಿಟ್ಟಳು.

ಒಂದು ಬುಧವಾರ ಬೆಳಗ್ಗೆ ಕೂಸುಗಳಿಗೆ ಸೂಜಿ ಹಾಕುವ ಕೆಲಸ. ತಾಯಂದಿರ ಸಾಲು ಅಂಗಳದವರೆಗೂ ಬೆಳೆದಿತ್ತು.

"ನರ್ಸಮ್ಮಾ," ಅಂತ ದುರ್ಗಕ್ಕ ಸೊಂಟದ ಮೊಮ್ಮಗಳನ್ನು ಸರಿಮಾಡಿಕೊಳ್ಳುತ್ತ ಕೂಗಿದಳು. "ಈಯಪ್ಪನ ಕೈಯಾಗ ಕೂಸಿಲ್ಲ, ಏನಿಲ್ಲ. ಒಂದು ತಾಸಿನಿಂದ ಸಾಲಿನ್ಯಾಗ ನಿಂತಾನ. ಸೂಜಿ ಇವಗೇನ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ವಿರುಪಮ್ಮ ತಲೆಯೆತ್ತಿದಳು. ಓಬಳೇಶ! ಕೈಯಲ್ಲಿ ಮಡಿಚಿದ ಹಾಳೆ, ಮುಖದ ತುಂಬ ಬೆವರು.

"ಇಲ್ಲಿಗ್ಯಾಕ ಬಂದ್ರಿ?" ದನಿ ಬಿಗಿ ಹಿಡಿದಳು.

"ಕಾರ್ಡಿಗೆ ನೀವು ಉತ್ತರ ಕೊಡಲಿಲ್ಲ..."

"ಹೆಸರು ತೆಗೆದು ಹಾಕಿದೋರಿಗೆ ಏನಂತ ಕೊಡ್ಲಿ?"

"ತೆಗೆದೆ. ಖರೇ ಐತಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಅದನ್ನ ಓದಿದ ಮ್ಯಾಲೆ ಕೃಪೆ ಅಂತ ಹಾಕಾಕ ಕೈ ಬರಲಿಲ್ಲರಿ. ಕೃಪೆ ಹಾಕೋದು ಹೊರಗಿನೋರಿಗೆ. ನಮ್ಮೋರಿಗೆ ಯಾರ್ ಹಾಕ್ತಾರ? ಆ ಸಾಲು ಕಿತ್ತು ‘ನಮ್ಮ ವಿರುಪಮ್ಮ’ ಅಂತ ಜೋಡಿಸಿದೆ..."

ಅವಳ ಕೈಯ ಹತ್ತಿ ಜಾರಿ ಬಿತ್ತು.

"ಜೋಡಿಸಿ ಹೆದರಿದೆ. ನಿಮ್ಮನ್ನ ಕೇಳದ ನಮ್ಮ ಅನ್ನಾಕ ನಾ ಯಾರು? ಅದನ್ನೂ ಕಿತ್ತೆ. ಮಷೀನು ನಡದಿತ್ತು, ಜಾಗ ಖಾಲಿ ಉಳೀತು. ಇದನ್ನ ಕಾರ್ಡಿನ್ಯಾಗ ಹೆಂಗ ಬರೀಲಿ ಹೇಳ್ರಿ? ಟಪಾಲಿನವ ಓದ್ತಾನ..."

ಹಾಳೆ ಚಾಚಿದ. ಕರಡಚ್ಚು, ಶಾಯಿ ಇನ್ನೂ ಹಸಿ. ‘ತಿದ್ದುಪಡಿ: "ಎರಡು ರೊಟ್ಟಿ ಹೆಚ್ಚು" ಬರೆದವರು ನಮ್ಮ ವಿರುಪಮ್ಮ.’

"ನಾಳೆ ಅಚ್ಚಿಗೆ ಹೋಗ್ತೈತಿ. ನೀವು ಬ್ಯಾಡ ಅಂದ್ರ ‘ನಮ್ಮ’ ತೆಗೀತೀನಿ, ಹೆಸರಷ್ಟೇ ಹಾಕ್ತೀನಿ. ಮತ್ತ ಕಾರ್ಡು ಬರೆಯೋದಿಲ್ಲ. ನಿಮ್ಮಾಣೆ."

ಅವಳು ಓದಿದಳು. ಇನ್ನೊಂದು ಸಲ ಓದಿದಳು. ಕಣ್ಣು ತುಂಬಿ ಅಕ್ಷರ ಮಂಜಾದವು. ಇಷ್ಟು ದಿನ ಇವರನ್ನು ಕಲ್ಲೆದೆಯವರು ಅಂದುಕೊಂಡೆನಲ್ಲ ಅಂತ ತನ್ನನ್ನೇ ಬೈದುಕೊಂಡಳು.

"ತೆಗೀಬ್ಯಾಡ್ರಿ," ಅಂದಳು.

"ಅಂದ್ರ... ಹಂಗೇ ಹಾಕ್ಲಾ?" ಅವನಿಗೆ ನಂಬಿಕೆಯೇ ಬರಲಿಲ್ಲ. "ನಮ್ಮ ಅಂತ ಹಾಕಿದ್ರ ಊರೆಲ್ಲ ಮಾತಾಡ್ತದ ನೋಡ್ರಿ."

ವಿರುಪಮ್ಮ ಅಳುತ್ತಲೇ ನಕ್ಕಳು.

"ಮಾತಾಡ್ಲಿ ಬಿಡ್ರಿ. ಏಳು ವರ್ಷ ನನ್ನ ಯಾರೂ ಮಾತಾಡ್ಸಲಿಲ್ಲ."