ಚೈತ್ರ ಮುಚ್ಚಿಟ್ಟ ನಡುಕ

"ನಮ್ಮನೇಲಿ ಯಾರ್ಗೂ ಕಾಯಿಲೆ ಇಲ್ಲ. ಓಗಿ!"

ಚೈತ್ರ ಬಾಗಿಲಿಗೆ ಅಡ್ಡ ನಿಂತಳು. ಒಳಗೆ, ಸುಮ್ಮನೆ ಕೂತಿದ್ದ ಅಪ್ಪ ಮಾದಪ್ಪನ ಕೈ ತನ್ನಷ್ಟಕ್ಕೇ ನಡುಗುತ್ತಿತ್ತು.

ಸುಧಾಕರ್ ನಕ್ಕು ಹೊರಟ. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ರಕ್ತದಲ್ಲೇ ಇಳಿದು ಬರುತ್ತದೆಯೇ ಎಂದು ಹುಡುಕುವ ಸಂಶೋಧನೆಗಾಗಿ, 2006ರಲ್ಲಿ, ಅವನು ಚಾಮರಾಜನಗರದಿಂದ ಭೀಮನಬೀಡಿಗೆ ಬಂದಿದ್ದ.

"ಅದು ಕುಡಿತದ ನಡುಕ ಕಣಪ್ಪ," ಎಂದಳು ಪಕ್ಕದ ಮನೆಯ ಸುಂದ್ರಮ್ಮ. "ಮಾದಪ್ಪನ ಅಪ್ಪನೂ ಕುಡ್ಕನೇಯ!"

ಊರು ಹಾಗೇ ನಂಬಿತ್ತು. ನಂಬಿಸಿದ್ದು ಆ ಮನೆಯವರೇ! ಅಜ್ಜನಾಗಲಿ ಅಪ್ಪನಾಗಲಿ ಹೆಂಡ ಮುಟ್ಟಿದವರಲ್ಲ. ಆದರೆ ಕುಡುಕನ ಮಗಳಿಗಾದರೂ ಗಂಡು ಸಿಗುತ್ತದೆ. ವಂಶದಲ್ಲಿ ಕಾಯಿಲೆಯಿರುವ ಹೆಣ್ಣನ್ನು ಯಾರು ತರುತ್ತಾರೆ?

ಸುಧಾಕರ್ ಮತ್ತೆ ಬಂದ. ಮತ್ತೆ ಮತ್ತೆ ಬಂದ... ವಿವರ ಬರೆದುಕೊಳ್ಳುವ ಹಾಳೆ ತೆಗೆಯಲಿಲ್ಲ. ಮಾದಪ್ಪನ ಅಂಗಿಗೆ ಗುಂಡಿ ಹಾಕಿಕೊಟ್ಟು, ಹರಟಿ ಹೋಗುತ್ತಿದ್ದ. ಚೈತ್ರಳ ಕಣ್ಣು ಅವನು ಬರುವ ಗುಂಡ್ಲುಪೇಟೆ ಬಸ್ಸಿನ ದಾರಿ ಕಾಯತೊಡಗಿತು.

ಒಂದು ದಿನ ಅವನು ಮಂಕಾಗಿದ್ದ. "ಮೂರು ತಲೆಮಾರಿನ ವಿವರ ಸಿಗೋ ಮನೆ ಇನ್ನೂ ಒಂದು ಬೇಕು. ಇಲ್ಲಾಂದ್ರೆ ಸಂಶೋಧನೆಗೆ ಹಣ ಕೊಡೋರು ನಿಲ್ಲಿಸಿಬಿಡ್ತಾರಂತೆ."

ಚೈತ್ರ ಅಪ್ಪನ ಅಂಗಿಯ ಗುಂಡಿಗಳನ್ನು ನೋಡಿದಳು. 'ಅಯ್ಯೋ... ಈ ಅಕ್ಕರೆಯೆಲ್ಲ ಅದಕ್ಕೇನಾ!'

"ಇನ್ಮೇಲೆ ಬರಬ್ಯಾಡಿ," ಎಂದಳು.

ಅವನು ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮಾದಪ್ಪ ಬಾಯಿಬಿಟ್ಟ. "ನಿನ್ಗೋಸ್ಕರ ನಾನು ಸಾಯೋಗಂಟ ಕುಡ್ಕ ಅನ್ನಿಸ್ಕೊತೀನಿ ಕಣಮ್ಮಿ. ಆದ್ರೆ ನಮ್ಮಪ್ಪ ಏನ್ ಪಾಪ ಮಾಡಿದ್ದ? ಸತ್ ಮೇಲೂ ಆ ಹೆಸರೇಯ?"

ಮರುದಿನ ಬೆಳಿಗ್ಗೆ ಚೈತ್ರ ಅಪ್ಪನನ್ನು ಕರೆದುಕೊಂಡು ಚಾಮರಾಜನಗರಕ್ಕೆ, ಸುಧಾಕರನ ಕಚೇರಿಗೆ ಬಂದಳು.

"ನಮ್ಮಪ್ಪ ಕುಡುಕ ಅಲ್ಲ. ತಾತನೂ ಅಲ್ಲ. ಇಬ್ರಿಗೂ ಇದೇ ನಡುಕ... ಬರ್ಕೊಳಿ. ನಂಗೂ ಬರ್ಬೌದು. ಅದ್ನೂ ಬರ್ಕೊಳಿ!"

ಸುಧಾಕರ್ ಹಾಳೆಯನ್ನು ಪಕ್ಕದ ಮೇಜಿಗೆ ಸರಿಸಿದ. "ನಿಮ್ಮನೇದು ನಾನು ಬರೆಯೋ ಹಾಗಿಲ್ಲ. ನಮ್ಮ ಜೊತೆ ಕೆಲಸ ಮಾಡೋ ಭವ್ಯ ಮೇಡಂ ಬರೀತಾರೆ."

'ಮುಗೀತು...' ಅವಳ ತಲೆ ತಗ್ಗಿತು. "ಯಾಕೆ?"

"ಸ್ವಂತದೋರ ಹಾಳೆ ನಾವು ಬರೀಬಾರದು ಅಂತ ರೂಲ್ಸಿದೆ. ನಿಮ್ಮನ್ನೇ ಮದುವೆ ಆಗೋದು ಅಂತ ನಮ್ಮವ್ವನಿಗೆ ಆಗ್ಲೇ ಹೇಳಿಬಿಟ್ಟಿದೀನಿ."

"ಕುಡುಕನ ಮಗಳು ಅಂತ ಹೇಳಿದ್ರಾ?"

"ಅದು ಕುಡಿತದ ನಡುಕ ಅಲ್ಲ ಅಂತ ಮೊದಲ ದಿನವೇ ಅನ್ನಿಸಿತ್ತು ಕಣ್ರೀ."

"ನಾಳೆ ನಂಗೂ ಬಂದ್ರೆ?"

"ಬರಬಹುದು, ಬರದೇನೂ ಇರಬಹುದು. ಎರಡಕ್ಕೂ ನಾನಿರ್ತೀನಿ."

"ಊಂ ಅನ್ನು ಕಣಮ್ಮಿ," ಮಾದಪ್ಪ ಗೊಣಗಿದ. "ಬಸ್ಸು ಓಯ್ತದೆ!"

ಅಳುತ್ತಲೇ ನಕ್ಕಳು ಚೈತ್ರ. "ಊಂ... ಆದ್ರೆ ಮೊದ್ಲು ತಾತನ ಹೆಸರು ಬರೆಸಿ."

"ಏನು ಹೆಸರು?" ಸುಧಾಕರ್ ಮೆಲ್ಲಗೆ ಕೇಳಿದ.

"ಪುಟ್ಟಮಾದಯ್ಯ," ಎಂದಳು, ಇಡೀ ಕಚೇರಿಗೆ ಕೇಳುವಂತೆ.