ಕಸ್ತೂರಿ ಆಯಿಯ ಬೈಗಳು

"ಮೆಲ್ಲಗ ಹಿಡಿ ಗಂಗು. ಅದರ ರೆಕ್ಕಿ ಮುರದ್ರ ಅಮ್ಮೀ ನನ್ನ ಕೈ ಮುರೀತಾಳ," ಎಂದಳು ಕೋಳಿ ತಂದಿದ್ದ ಗೆಳತಿ ಗುಲಶನ.

ಗಂಗು ಆಗಲೇ ಕರಿ ಕೋಳಿಯನ್ನು ಉಟ್ಟ ಪರಕಾರದ ನೆರಿಗೆಯಲ್ಲಿ ಸುತ್ತಿಕೊಂಡಿದ್ದಳು. ಕೈತಪ್ಪಿ ಓಡದಂತೆ ತನ್ನ ಜಡೆಯ ಕೆಂಪು ದಾರ ಬಿಚ್ಚಿ ಅದರ ಒಂದು ಕಾಲಿಗೆ ಕಟ್ಟಿದ್ದಳು. ಕೋಳಿ ಒಳಗಿನಿಂದಲೇ ಅವಳ ಹೊಟ್ಟೆ ಕುಕ್ಕುತ್ತಿತ್ತು.

"ಸಂಜಿತನಕ ಅಷ್ಟೇ. ಆಮ್ಯಾಲ ವಾಪಸ್ ಕೊಡ್ತೇನಿ."

"ನಿಮ್ಮ ಮನ್ಯಾಗ ತತ್ತಿ ಸುದ್ದಾ ತಿನ್ನಲ್ಲ. ಕೋಳಿ ಯಾಕ ಬೇಕು ನಿಂಗ?"

"ಬೈಸ್ಕೊಳ್ಳಕ," ಎಂದಳು ಗಂಗು.

ನಿಜಾಮ ಸರ್ಕಾರದ ಶಾಲೆಗೆ ಶುಕ್ರವಾರ ಸೂಟಿ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೀದರದಲ್ಲಿ ಇನ್ನೊಂದಿರಲಿಲ್ಲ.

ಬೈಯಬೇಕಾದವಳು ಗಂಗುವಿನ ಅಜ್ಜಿ ಕಸ್ತೂರಿಬಾಯಿ. ಮನೆಯವರಿಗೆಲ್ಲ ಆಯಿ. ಮೊದಲೆಲ್ಲ ಆಯಿಯ ಬೈಗಳಿಲ್ಲದೆ ಆ ಓಣಿಗೆ ಬೆಳಗೇ ಆಗುತ್ತಿರಲಿಲ್ಲ. ಪಕ್ಕದ ಮನೆ ಖತೀಜಾ ಬೇಗಂ ಅವರ ಕೋಳಿಗಳು ಗೋಡೆ ಹಾರಿ ಬಂದು ಅಂಗಳದಲ್ಲಿ ಒಣಹಾಕಿದ ಕಾಳು ಮುಕ್ಕುತ್ತಿದ್ದವು. ಆಯಿ ಕೋಲು ಹಿಡಿದು ಏಳುತ್ತಿದ್ದಳು.

"ಏ ಖತೀಜಾ, ನಿನ್ನ ಕೋಳಿಗಿ ನಮ್ಮ ಅಂಗಳನೇ ಬೇಕೇನ?"

"ಯಾವುದು ಲಿಂಗಾಯತರ ಅಂಗಳ ಅಂತ ಅದಕ್ಕೇನ್ ಗೊತ್ತು ಕಸ್ತೂರಿ? ನೀನೇ ಕೂಡಿಸಿ ಕಲಿಸು," ಎಂದು ಆಚೆಯಿಂದ ಉತ್ತರ ಬರುತ್ತಿತ್ತು.

ಬಿಸಿಲು ಏರುವ ತನಕ ಜಗಳ. ಜಗಳ ಮುಗಿದ ಮೇಲೆ ಈಚೆಯಿಂದ ಒಂದು ಹಿಡಿ ಕರಿಬೇವು ಗೋಡೆ ದಾಟುತ್ತಿತ್ತು, ಆಚೆಯಿಂದ ಎರಡು ನಿಂಬೆಹಣ್ಣು ಬರುತ್ತಿದ್ದವು.

ಹೋದ ತಿಂಗಳು ಖತೀಜಾ ಬೇಗಂ ಅವರ ಮಗ ಬಂದು ತಾಯಿಯನ್ನು ಹತ್ತಿರದ ಜನವಾಡ ಹಳ್ಳಿಗೆ ಕರೆದುಕೊಂಡು ಹೋದ. ಕೋಳಿಗಳೂ ಹೋದವು. ಬಾಗಿಲಿಗೆ ಕೀಲಿ ಬಿತ್ತು. ಅಂದಿನಿಂದ ಆಯಿ ಮಂಕಾದಳು. ಅರ್ಧ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದಳು.

ದೊಡ್ಡವರು ತಮ್ಮ ಜಾಣತನವನ್ನೆಲ್ಲ ತಂದು ಸುರಿದರು. ಹಕೀಮರು ಗುಲ್ಕಂದ ಕೊಟ್ಟರು. ಎದುರುಮನೆ ಶೇವಂತಾಬಾಯಿ, "ಮುಂಜಾನೆದ್ದು ಜರಾ ತಿರುಗಾಡ್ರಿ," ಎಂದರು. ಅಪ್ಪ ಬಸವಣ್ಣೆಪ್ಪನಂತೂ, "ಖುಷಿ ಇರಬೇಕವ್ವಾ, ಖುಷಿ ಇರು," ಎಂದು ಗದರಿಸಿದ. ಖುಷಿಯೇನು ಅವನ ಅಂಗಡಿಯ ಆಳೇ, ಗದರಿಸಿದರೆ ಓಡಿ ಬರಲು?

ಕೊನೆಗೆ ಅಪ್ಪ ಹೇಳಿದ: "ಸೋಮವಾರ ಬಂಡಿ ಕಟ್ಟಿ ಭಾಲ್ಕಿಗಿ ಅಕ್ಕನ ಮನಿಗಿ ಕಳಿಸ್ತೇನಿ. ಅಲ್ಲೇ ಇರ್ಲಿ."

ಗಂಗು ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಆಯಿ ಇಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ತನಗೆ ತಿಳಿದದ್ದನ್ನೆಲ್ಲ ಅವಳೂ ಮಾಡಿ ನೋಡಿದಳು. ಆಯಿಯ ಕೋಲು ಅಡಗಿಸಿದಳು. ವಿಭೂತಿ ಗಟ್ಟಿಯಿಂದ ಬಾಗಿಲ ಮೇಲೆ ಮೀಸೆಯ ಕತ್ತೆ ಬರೆದಳು. ಆಯಿ ನೋಡಿ, "ಇರ್ಲಿ ಬಿಡು," ಎಂದಳು. ಆ 'ಇರ್ಲಿ ಬಿಡು' ಕೇಳಿ ಗಂಗುವಿಗೆ ಎಂದೂ ಇಲ್ಲದ ಹೆದರಿಕೆಯಾಯಿತು.

ಅದಕ್ಕೇ ಈಗ ಕೋಳಿ.

ಅಂಗಳದಲ್ಲಿ ಧೋತರದ ಮೇಲೆ ತೊಳೆದ ಗೋದಿ ಒಣಗುತ್ತಿತ್ತು. ಆಯಿ ಪಕ್ಕದಲ್ಲಿ ಕೂತು ಎತ್ತಲೋ ನೋಡುತ್ತಿದ್ದಳು. ಗಂಗು ಗೋಡೆಯ ಮೇಲಿಂದ ಕೋಳಿಯನ್ನು ಬಿಟ್ಟಳು. ಅದು ನೇರ ಗೋದಿಯ ನಡುವೆ ಇಳಿದು ಎರಡೂ ಕಾಲಿಂದ ಕೆದರತೊಡಗಿತು.

ಆಯಿ ನೋಡಿದಳು. ಕೋಳಿಯೂ ಆಯಿಯನ್ನು ನೋಡಿತು. ನೋಡಿ, ಗೋದಿಯ ಮೇಲೇ ಹಿಕ್ಕೆ ಹಾಕಿತು.

"ಏ ನಿನ್ನ ಹೆಣಾ ಎತ್ತಲಿ," ಎಂದು ಆಯಿ ಎದ್ದೇಬಿಟ್ಟಳು.

ಕೋಳಿ ಕರಿಬೇವಿನ ಗಿಡ ಸುತ್ತಿತು. ಆಯಿಯೂ ಸುತ್ತಿದಳು. ನೀರಿನ ಕೊಡ ಉರುಳಿತು. ಕಾಲಿಗೆ ಕೈ ಹಾಕಿದರೆ ಕೋಳಿ ಜಾರಿಕೊಂಡು ಬೀದಿಗೆ ಓಡಿತು. ಅಲ್ಲಿ ಕಾದಿದ್ದ ಗುಲಶನ ಅದನ್ನು ಬಾಚಿಕೊಂಡು ಪರಾರಿಯಾದಳು.

ಆಯಿ ಗೋಡೆಗೆ ಹೋಗಿ ಕೂಗಿದಳು. "ಖತೀಜಾ, ಏ ಖತೀಜಾ. ನಿನ್ನ ಕೋಳಿ ಮಾಡಿದ್ದು ಬಂದು ನೋಡು. ಕಿವುಡಿ ಆಗಿಯೇನ?"

ಆಚೆಯ ಖಾಲಿ ಅಂಗಳದಲ್ಲಿ ಗಾಳಿಗೆ ಒಂದು ಒಣ ಎಲೆ ಸರಿಯಿತು.

ಆಯಿ ಗೋಡೆಯಾಚೆ ಇಣುಕಿ ನೋಡಿದಳು. ಗಂಗು ಅಂಜುತ್ತ ಹಿಂದೆ ಬಂದು ನಿಂತಳು. ಇದ್ದುದನ್ನೂ ಕೆಡಿಸಿದೆನೇ?

"ಇಷ್ಟು ಬೈದೆ," ಎಂದಳು ಆಯಿ ಮೆಲ್ಲಗೆ. "ಕೇಳೋರೇ ಇಲ್ಲ." ಬಗ್ಗಿ ನೆಲದಿಂದ ಏನೋ ಆರಿಸಿ ಎಲೆ ಅಡಿಕೆಯ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ತಿರುಗಿ, "ನಿಮ್ಮಪ್ಪಗ ಬಂಡಿ ಕಟ್ಟಂತ ಹೇಳು," ಎಂದಳು.

ಅಪ್ಪ ಓಡಿ ಬಂದ. "ಭಾಲ್ಕಿಗಿ ಈಗೇ ಹೋಗ್ತಿ ಏನವ್ವಾ?"

"ಭಾಲ್ಕ್ಯಾಗ ನಂದೇನೈತೋ? ಜನವಾಡಕ್ಕ ಹೊಡಿ. ಮೊದಲು ಎರಡು ರೊಟ್ಟಿ ಕೊಡ್ರಿ. ಹಸದ ಹೊಟ್ಟಿಲೆ ಜಗಳಾಡಕ ಆಗಲ್ಲ."

ಜನವಾಡದಲ್ಲಿ ಖತೀಜಾ ಬೇಗಂ ಮಗನ ಮನೆಯ ಕಟ್ಟೆಯ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಆಯಿ ಗಂಗುವಿನೊಡನೆ ಬಂಡಿಯಿಂದ ಇಳಿದವಳೇ ಆರಾಮವೇ ಎಂದೂ ಕೇಳಲಿಲ್ಲ.

"ನಿನ್ನ ಕೋಳಿ ನನ್ನ ಗೋದಿ ಹೊಲಸು ಮಾಡ್ತು."

ಖತೀಜಾ ಬೇಗಂ ನೆಟ್ಟಗೆ ಕೂತರು. "ನನ್ನ ಕೋಳಿ ಎಲ್ಲಾ ಇಲ್ಲೇ ಅವ. ಯಾವ ಬಣ್ಣದ್ದು?"

"ಕರೀದು. ಕಾಲಾಗ ಇದಿತ್ತು ನೋಡು." ಆಯಿ ಚೀಲದಿಂದ ಕೆಂಪು ದಾರ ತೆಗೆದಳು.

ಗಂಗುವಿನ ಕೈ ತಾನಾಗಿಯೇ ತನ್ನ ಬಿಚ್ಚಿದ ಜಡೆಗೆ ಹೋಯಿತು. ಖತೀಜಾ ಬೇಗಂ ದಾರ ನೋಡಿದರು. ಜಡೆ ನೋಡಿದರು. ಅವರು ಸಾಕಿದ ಕೋಳಿಗಳಲ್ಲಿ ಕರಿಯದು ಒಂದೂ ಇರಲಿಲ್ಲ, ಅದು ಇಡೀ ಓಣಿಗೇ ಗೊತ್ತಿತ್ತು.

"ಹಾಂ, ನೆನಪಾಯ್ತು," ಎಂದರು ಅವರು. "ಕರೀದು ನಂದೇ. ಏನ್ ಮಾಡ್ತಿ ಈಗ?"

"ಏನ್ ಮಾಡ್ತೇನಿ ಹೇಳ್ತೇನಿ ತಡಿ. ಇವತ್ತು ಮುಗೀಲಿಲ್ಲಂದ್ರ ಬರೋ ಶುಕ್ರವಾರ ಮತ್ತ ಬರ್ತೇನಿ," ಎಂದು ಆಯಿ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತಳು. ಗಂಗುವನ್ನು ಎಳೆದು ಮುಂದೆ ಕೂರಿಸಿಕೊಂಡಳು. ಬಾಯಿ ಬೈಯುತ್ತಲೇ ಇತ್ತು, ಕೈ ಜಡೆ ಹೆಣೆಯತೊಡಗಿತು. ಖತೀಜಾ ಬೇಗಂ ಬೈಗಳಿಗೆ ಬೈಗಳು ಕೊಡುತ್ತಲೇ ಬೆಲ್ಲ, ಶೇಂಗಾ ತಂದು ನಡುವೆ ಇಟ್ಟರು.

ಜಡೆ ಮುಗಿಯುತ್ತ ಬಂತು. ಗಂಗು ಬೇಕೆಂದೇ ತಲೆ ಅಲ್ಲಾಡಿಸಿದಳು.

"ಸುಮ್ಮ ಕೂಡಾಕ ಬರಲ್ಲೇನ ಕಳ್ಳಿ?" ಎಂದು ಆಯಿ ಬೆನ್ನಿಗೊಂದು ಗುದ್ದಿ, ಮತ್ತೆ ಬಿಚ್ಚಿ, ಮೊದಲಿನಿಂದ ಹೆಣೆಯತೊಡಗಿದಳು.